ಕೊಂಡುಕುರಿ ಹಿಕ್ಕೆ ಎಣಿಸೋರು

ಜಗಳೂರು ಅಂದ್ರೆ ಬರಗಾಲ ಅಂತ ಮೂಗು ಮುರಿಯೋರು ನಮ್ಮ ಚನ್ನಗಿರಿ ಕಡೆ ಬಾಳ ಜನ ಅದಾರೆ. ಭದ್ರಾ ನೀರು, ಅಡಿಕೆ ತೋಟ ನೋಡಿಕೊಂಡು ಬಾಳೋರಿಗೆ ಹಂಗೆ ಅನ್ಸುತ್ತೆ ಬಿಡ್ರಿ. ನನ್ನ ತವರು ಜಗಳೂರು ತಾಲ್ಲೂಕು. ಅದಕ್ಕೇ ಹೇಳ್ತೀನಿ, ಹೊನ್ನಾಳಿ ನ್ಯಾಮತಿ ಅಕ್ಕಂದಿರೂ ಕೇಳ್ರಿ: ಆ ಕುರುಚಲು ಕಾಡಲ್ಲಿ ಕೊಂಡುಕುರಿ ಐತೆ.

ಹೆಸರು ಕುರಿ, ನೋಡೋಕೆ ಸಣ್ಣ ಜಿಂಕೆ. ಗಂಡಿಗೆ ನಾಲ್ಕು ಕೊಂಬು. ಕಿವಿ ಹತ್ರ ಎರಡು ಉದ್ದದ್ದು, ಹಣೆ ಮೇಲೆ ಎರಡು ಮೋಟು. ಹೆಣ್ಣಿಗೆ ಒಂದೂ ಇಲ್ಲ. ಜಿಂಕೆ ಕೊಂಬು ಉದುರಿ ಮತ್ತೆ ಹುಟ್ತಾವೆ, ಇದರದ್ದು ಆಡಿನ ಕೊಂಬಿನಂಗೆ ಉದುರೋದೇ ಇಲ್ಲ. ಭಾರತ, ನೇಪಾಳ ಬಿಟ್ರೆ ಪ್ರಪಂಚದ ಬೇರೆ ಯಾವ ಕಾಡಲ್ಲೂ ಇಲ್ಲ. 2011ರಲ್ಲಿ ರಂಗಯ್ಯನದುರ್ಗದ ಸುಮಾರು 77 ಚದರ ಕಿಲೋಮೀಟರ್ ಕಾಡನ್ನ ಇದರ ಹೆಸರಲ್ಲೇ ವನ್ಯಜೀವಿ ಧಾಮ ಮಾಡಿದ್ರು.

ಯುಗಾದಿಗೆ ಹೋದಾಗ ಇಬ್ಬರು ಓದೋ ಹುಡುಗೇರು ಊರಿಗೆ ಬಂದಿದ್ರು, ಜೊತೆಗೊಬ್ಬ ವಾಚರ್. ಕೈಯಾಗೆ ಪುಸ್ತಕ, ನೆಲ ನೋಡ್ಕೊಂಡೇ ನಡಿಯೋರು. ಏನವ್ವ ಕಳಕೊಂಡ್ರಿ ಅಂದ್ರೆ, ಹಿಕ್ಕೆ ಎಣಿಸ್ತಿದೀವಿ ಆಂಟಿ ಅಂದ್ರು! ನಕ್ಕೆ ನಾನು. ಆಮೇಲೆ ಬಿಡಿಸಿ ಹೇಳಿದ್ರು. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು, ನಮ್ಮ ಶಿವರಾಮ ಕಾರಂತರ ಮಗ, ಕ್ಯಾಮೆರಾ ಕಟ್ಟಿ ಹುಲಿ ಲೆಕ್ಕ ಹಾಕಿದ್ರಲ್ಲ, ಒಂದು ಹುಲಿ ಪಟ್ಟೆ ಇನ್ನೊಂದಕ್ಕಿರಲ್ಲ, ಅದಕ್ಕೇ ಗುರುತು ಸಿಕ್ತು. ಕೊಂಡುಕುರಿಗೆ ಪಟ್ಟೆನೂ ಇಲ್ಲ, ಚುಕ್ಕೀನೂ ಇಲ್ಲ. ಮೇಲಾಗಿ ಪುಕ್ಕಲು, ಹುಲ್ಲಾಗೆ ಅಡಗಿ ಕೂತ್ರೆ ಕಾಣಲ್ಲ. ಆದ್ರೆ ಹಿಕ್ಕೆ ಹಾಕೋಕೆ ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತೆ. ಗುಡ್ಡೆ ಎಲ್ಲೆಲ್ಲಿ ಅದಾವೆ ಅಂತ ಬರಕೊಂಡ್ರೆ ಪ್ರಾಣಿ ಎಲ್ಲಿ ಓಡಾಡುತ್ತೆ ಅಂತ ತಿಳಿಯುತ್ತೆ.

ನಮ್ಮ ಅತ್ತಿಗೆ ಮದುವೆಯಾಗಿ ಬಂದಾಗಿಂದ ಕುರಿ ಕಾಯ್ದೋರು. ಕಾಡಂಚಲ್ಲಿ ಹುಡುಗೇರು ತಡಕಾಡೋದು ನೋಡಿ, ಇದು ನಮ್ಮ ಕುರೀದು, ನಡೀತಾ ಉದುರಿಸ್ಕೊಂಡು ಹೋಗೈತೆ, ಅಗೋ ಅದು ಕೊಂಡುಕುರೀದು, ಮೇಲಿಂದು ಇನ್ನೂ ಹಸಿ ಐತೆ, ಅಂತ ಕೋಲಲ್ಲಿ ತೋರಿಸಿದ್ರು. ಹುಡುಗೇರು ಅವರ ಬೆನ್ನು ಬಿಡಲಿಲ್ಲ.

ಮಜ್ಜಿಗೆ ಕುಡಿಯೋವಾಗ ಅತ್ತಿಗೆ ಕೇಳಿದ್ರು: "ನಿಮ್ಮ ಲೆಕ್ಕ ಮುಗಿದ್ಮೇಲೆ ನನ್ನ ಮೂವತ್ತು ಕುರಿ ಎಲ್ಲಿ ಮೇಯಬೇಕವ್ವ?"

ಇಬ್ಬರೂ ಸುಮ್ಮನಾದ್ರು. ಆ ಕುರಿಯಿಂದಾನೇ ನಮ್ಮಣ್ಣನ ಮಗಳ ಕಾಲೇಜು ಫೀಸು ನಡೀತಿರೋದು. ಮಳೆ ಕೈಕೊಟ್ರೆ ಮೆಕ್ಕೆಜೋಳದ ಸಪ್ಪೆನೂ ಸಿಗಲ್ಲ. ಕುರಿ ಒಳಗೆ ಬಂದ್ರೆ ಹುಲ್ಲೂ ಹೋಗುತ್ತೆ, ಅದರ ರೋಗ ಕಾಡಿನ ಪ್ರಾಣಿಗೂ ಅಂಟಬಹುದು ಅಂತ ಒಬ್ಬಳು ಮೆಲ್ಲಗೆ ಅಂದ್ಲು. ಸುಳ್ಳಲ್ಲ ಅದು. ಆದ್ರೆ ಮೂವತ್ತು ಕುರಿ ಇರೋರನ್ನ ತಡೆದು, ಮೇವಿಗೆ ದಾರಿ ತೋರಿಸದೆ ಹೋದ್ರೆ ಅದು ನ್ಯಾಯನಾ? ನನಗಂತೂ ಒಪ್ಪಿಗೆಯಿಲ್ಲ.

ಬೆಂಕಿ ವಿಷಯಕ್ಕೆ ಮಾತ್ರ ಅತ್ತಿಗೆ ಅವರ ಕಡೆಗೇ. ಹೊಸ ಹುಲ್ಲು ಚಿಗುರಲಿ ಅಂತ ಬೇಸಿಗೇಲಿ ಕಡ್ಡಿ ಗೀರೋರನ್ನ ಬಾಯ್ತುಂಬ ಬೈದ್ರು. ನಾಯಿನೂ ಕಟ್ಟಿ ಹಾಕ್ತೀನಿ, ಸಣ್ಣ ಮರಿ ಕಂಡ್ರೆ ಬಿಡಲ್ಲ ಅದು, ಅಂದ್ರು.

ಮಳೆಗಾಲ ಕಳೆದ ಮೇಲೆ ಮತ್ತೆ ಬರ್ತೀವಿ, ನೀವೇ ಗುಡ್ಡೆ ತೋರಿಸಬೇಕು ಅಂತ ಹುಡುಗೇರು ಹೇಳಿ ಹೋಗ್ಯಾರೆ. ದಿನಕ್ಕೆ ಕೂಲಿ ಎಷ್ಟು ಕೊಡ್ತೀರಿ ಅಂತ ಅತ್ತಿಗೆ ಅಲ್ಲೇ ಕೇಳ್ಯಾರೆ. ಕೇಳಬೇಕು ಮತ್ತೆ.