ಅರಳುಮರಳಲ್ಲ, ಹಾರ್ಮೋನಿನ ಆಟ

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿದೆ. ಹನೂರಿನ ಬಳಿ ಇರುವ ನನ್ನ ಅಕ್ಕನಿಗೆ ಅದು ನಲವತ್ತೇಳಕ್ಕೇ ಬಂತೆಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಎದುರಿಗೆ ನಿಂತವರ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು. ರಾತ್ರಿ ಬೆವರಿ ಎದ್ದು ಕೂರುವುದು, ಸಣ್ಣ ಮಾತಿಗೂ ಕಣ್ಣೀರು. ಹತ್ತು ವರ್ಷಗಳಿಂದ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯುತ್ತಿದ್ದವಳು, "ನನ್ನ ತಲೆ ಹೋಯಿತು, ಪುಸ್ತಕ ಬೇರೆಯವರಿಗೆ ಕೊಡಿ" ಎಂದು ಹಟ ಹಿಡಿದಳು.

ತಲೆ ಹೋಗಿರಲಿಲ್ಲ. ಮುಟ್ಟು ನಿಲ್ಲುವ ಕಾಲ ಬಂದಿತ್ತು, ಅಷ್ಟೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೂ ಕೆಲವು ವರ್ಷ ಮೊದಲಿನಿಂದಲೇ ಈಸ್ಟ್ರೋಜೆನ್ ಎಂಬ ಹಾರ್ಮೋನು ಏರುಪೇರಾಗತೊಡಗುತ್ತದೆ. ಈ ಹಾರ್ಮೋನು ಗರ್ಭಕೋಶಕ್ಕೆ ಮಾತ್ರ ಸಂಬಂಧಪಟ್ಟಿದ್ದು ಎಂದು ಬಹಳ ಕಾಲ ತಿಳಿದಿದ್ದರು. 1990ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಕ್ಯಾಥರಿನ್ ವೂಲಿ, ಬ್ರೂಸ್ ಮೆಕ್ಯೂಯೆನ್ ಮತ್ತು ಸಂಗಡಿಗರು ಹೆಣ್ಣಿಲಿಗಳ ಮೆದುಳನ್ನು ಪರೀಕ್ಷಿಸಿದರು. ನೆನಪಿನ ಉಗ್ರಾಣವಾದ ಹಿಪೊಕ್ಯಾಂಪಸ್ ಭಾಗದ ನರಕೋಶಗಳಲ್ಲಿ, ಒಂದಕ್ಕೊಂದು ಕೈ ಚಾಚುವ ಸಣ್ಣ ಮುಳ್ಳುಗಳು ನಾಲ್ಕೈದು ದಿನಗಳ ಋತುಚಕ್ರದೊಳಗೇ ಈಸ್ಟ್ರೋಜೆನ್ ಏರಿದಾಗ ಹೆಚ್ಚಿ, ಇಳಿದಾಗ ಕಡಿಮೆಯಾಗುವುದನ್ನು ಕಂಡರು. ನೆನಪಿಗೂ ಹಾರ್ಮೋನಿಗೂ ನಂಟಿದೆ ಎಂಬುದು ಹೀಗೆ ಕಣ್ಣಿಗೇ ಕಾಣಿಸಿತು.

ಅಕ್ಕನಿಗೆ ಧೈರ್ಯ ಕೊಟ್ಟದ್ದು ಇನ್ನೊಂದು ಸಂಗತಿ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಟ್ಟು ನಿಲ್ಲುವ ಹಂತದಲ್ಲಿ ಹೊಸದನ್ನು ಕಲಿಯುವ ವೇಗ ಕುಂಠಿತವಾಗುತ್ತದೆ. ಆ ಹಂತ ದಾಟಿದ ಮೇಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ಹಾಗೆಂದು ಎಲ್ಲ ಮರೆವನ್ನೂ ಇದರ ತಲೆಗೆ ಕಟ್ಟುವಂತಿಲ್ಲ. ಥೈರಾಯಿಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ, ನಿದ್ದೆಗೇಡು ಎಲ್ಲವೂ ಮರೆವು ತರುತ್ತವೆ. ಅಕ್ಕನ ರಕ್ತ ಪರೀಕ್ಷೆ ಮಾಡಿಸಿದಾಗ ರಕ್ತಹೀನತೆಯೂ ಸಿಕ್ಕಿತು. ಕಬ್ಬಿಣದ ಮಾತ್ರೆ ಶುರುವಾಯಿತು. ಲೆಕ್ಕದ ಪುಸ್ತಕ ಅವಳ ಬಳಿಯೇ ಉಳಿಯಿತು.

"ಹಾಗಾದರೆ ಈಸ್ಟ್ರೋಜೆನ್ ಮಾತ್ರೆಯನ್ನೇ ನುಂಗಿದರಾಯಿತಲ್ಲ?" ಎಂದು ಕೇಳಬಹುದು. ಅಷ್ಟು ಸುಲಭವಲ್ಲ. 65 ದಾಟಿದ ಹೆಂಗಸರಿಗೆ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎರಡನ್ನೂ ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಬುದ್ಧಿಮಾಂದ್ಯದ ಅಪಾಯ ಇಮ್ಮಡಿಯಾದದ್ದು 2003ರಲ್ಲಿ ತಿಳಿಯಿತು. ಇನ್ನೊಂದು ಕಡೆ, ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡವರಿಗೆ ಮುಂದೆ ಮರೆಗುಳಿತನದ ಸಾಧ್ಯತೆ ಹೆಚ್ಚು ಎಂದು ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2007ರಲ್ಲಿ ತೋರಿಸಿದರು. "ಮಕ್ಕಳಾಯಿತಲ್ಲ, ತೆಗೆಸಿಬಿಡು" ಎನ್ನುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳುವುದು ಒಳ್ಳೆಯದು.

ಇದು ತಾಯಂದಿರ ಮಾತಾಯಿತು. ಹೆಣ್ಣುಮಕ್ಕಳ ಮಾತೂ ಇದೆ. ನಾನು ಕೊಳ್ಳೇಗಾಲದಲ್ಲಿ ಪಾಠ ಹೇಳುವವಳು. ಯಳಂದೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳಿಗೆ ತಿಂಗಳಿಗೊಮ್ಮೆ ಮೂರ್ಛೆ ಬರುತ್ತಿತ್ತು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಕೊನೆಗೆ ಓದು ಬಿಡಿಸುವ ಮಾತಾಯಿತು. ದಿನಗಳನ್ನು ಬರೆದಿಡಲು ಅವಳ ತಾಯಿಗೆ ಹೇಳಿದೆ. ಪ್ರತಿ ಸಲವೂ ಮುಟ್ಟಿನ ಹಿಂದುಮುಂದಿನ ದಿನಗಳೇ! ಇದಕ್ಕೆ ಕಾರಣವಿದೆ. ಪ್ರೊಜೆಸ್ಟಿರೋನ್ ಹಾರ್ಮೋನು ದೇಹದಲ್ಲಿ ಮಾರ್ಪಟ್ಟು ಮೆದುಳನ್ನು ಶಾಂತಗೊಳಿಸುವ ವಸ್ತುವಾಗುತ್ತದೆ. ಈಸ್ಟ್ರೋಜೆನ್ ಮೆದುಳನ್ನು ಚುರುಕುಗೊಳಿಸುತ್ತದೆ. ಮುಟ್ಟಿಗೆ ಮುಂಚೆ ಪ್ರೊಜೆಸ್ಟಿರೋನ್ ಸರ್ರನೆ ಇಳಿದಾಗ ಕಡಿವಾಣ ಸಡಿಲವಾಗುತ್ತದೆ. ಮೂರ್ಛೆರೋಗವಿರುವ ಕೆಲವರಿಗೆ ಆಗ ಫಿಟ್ಸ್ ಹೆಚ್ಚುತ್ತವೆ. ಹಲವರಿಗೆ ಆ ದಿನಗಳಲ್ಲಿ ಸಿಡುಕು, ಬೇಸರ ಬರುವುದರಲ್ಲೂ ಈ ಏರಿಳಿತದ ಪಾಲಿದೆ.

ಯಳಂದೂರಿನವರು ಮೂರ್ಛೆರೋಗಕ್ಕೆ ಹೆದರಬೇಕಾದ್ದೇ ಇಲ್ಲ. ಈ ವಿಷಯದಲ್ಲಿ ಅವರ ಊರಿನ ಹೆಸರು ಜಗತ್ತಿಗೇ ಗೊತ್ತು. ನರರೋಗತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈ ಸೀಮೆಯ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕಿ ಚಿಕಿತ್ಸೆ ಕೊಟ್ಟರು. ಅಗ್ಗದ ಫಿನೋಬಾರ್ಬಿಟೋನ್, ಫೆನಿಟಾಯಿನ್ ಮಾತ್ರೆಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಅವರ ವರದಿ 2001ರಲ್ಲಿ ಹೆಸರಾಂತ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಹುಡುಗಿಯೂ ಆ ದಿನಗಳ ಪಟ್ಟಿ ಹಿಡಿದು ವೈದ್ಯರ ಬಳಿ ಹೋದಳು. ಈಗ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಾಳೆ, ದ್ವಿತೀಯ ಪಿಯುಸಿಯಲ್ಲಿದ್ದಾಳೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವು ತಂದೆಯರು, "ಹಾಗಾದರೆ ಹೆಣ್ಣುಮಕ್ಕಳ ತಲೆ ತಿಂಗಳಿಗೊಮ್ಮೆ ಕೆಡುತ್ತದೆ ಅನ್ನಿ, ಸೈನ್ಸು ಯಾಕೆ?" ಎಂದಾರು. ಅದು ಸುಳ್ಳು. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಋತುಚಕ್ರದ ಯಾವ ದಿನದಲ್ಲೂ ಬುದ್ಧಿಶಕ್ತಿ ಕುಗ್ಗುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಹೊಟ್ಟೆನೋವು ಕೂರಲು ಬಿಡದಿರಬಹುದು, ಬೇಸರ ಕಾಡಬಹುದು. ಲೆಕ್ಕ ಮಾಡುವ ಬುದ್ಧಿ ಎಲ್ಲಿಗೂ ಹೋಗುವುದಿಲ್ಲ. ಗಂಡಸರ ಮೆದುಳಿನಲ್ಲೂ ಟೆಸ್ಟೋಸ್ಟಿರೋನಿನ ಒಂದಂಶ ಈಸ್ಟ್ರೋಜೆನ್ ಆಗಿಯೇ ಕೆಲಸ ಮಾಡುತ್ತದೆ ಎಂಬುದು ತಂದೆಯರಿಗೆ ತಿಳಿದಿರಲಿ.

ಓದನ್ನು ನಿಜವಾಗಿ ಕೆಡಿಸುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8ರಷ್ಟು ಮಂದಿಗೆ ಅದಿತ್ತು. ರಾಗಿ, ಸೊಪ್ಪು, ಹುರುಳಿಯ ಜತೆಗೆ ಒಂದು ನಿಂಬೆಹೋಳು ಇರಲಿ.

ಇನ್ನೊಂದು ಮಾತು. ಮಾದಪ್ಪನ ಬೆಟ್ಟದ ಜಾತ್ರೆಗೆಂದೋ ಪರೀಕ್ಷೆಗೆಂದೋ ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ಮಗಳಿಗೆ ನುಂಗಿಸುವವರಿದ್ದಾರೆ. ಅದೂ ಹಾರ್ಮೋನೇ, ಮೆದುಳಿಗೂ ಮುಟ್ಟುತ್ತದೆ. ವೈದ್ಯರನ್ನು ಕೇಳದೆ ಕೊಡಬೇಡಿ.

ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವೆ. ಅದರ ಪಕ್ಕದಲ್ಲೇ ಮಗಳು ತನ್ನ ದಿನಗಳನ್ನು, ತಾಯಿ ತನ್ನ ನಿದ್ದೆಗೆಟ್ಟ ರಾತ್ರಿಗಳನ್ನು ಗುರುತು ಮಾಡಲಿ. ಮೂರು ತಿಂಗಳ ಆ ಗುರುತುಗಳನ್ನು ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ತಿಂಗಳುಗಟ್ಟಲೆ ಮನಸ್ಸು ಕುಗ್ಗಿಯೇ ಇದ್ದರೆ ಟೆಲಿ ಮಾನಸ್‌ಗೆ, 14416ಕ್ಕೆ, ಕನ್ನಡದಲ್ಲೇ ಮಾತನಾಡಬಹುದು. ದುಡ್ಡಿಲ್ಲ.