ರಸ್ತೆಯಂಚಿನ ಗ್ರಿಲ್ಲು, ಸುಟ್ಟ ಬದನೆಕಾಯಿ

ಅಮೆರಿಕದಲ್ಲಿ ಕಸದ ಗಾಡಿ ಬರುವ ಹಿಂದಿನ ಸಂಜೆಯಷ್ಟು ಸ್ವಾರಸ್ಯದ ಹೊತ್ತು ಇನ್ನೊಂದಿಲ್ಲ. ಶಿಕಾಗೊ ಹೊರವಲಯದ ನಮ್ಮ ಬಡಾವಣೆಯಲ್ಲಿ ಮೇ ತಿಂಗಳು ಬಂತೆಂದರೆ ಹಳೆಯ ಗ್ಯಾಸ್ ಗ್ರಿಲ್‌ಗಳು ಒಂದೊಂದಾಗಿ ರಸ್ತೆಯಂಚಿಗೆ ಬಂದು ನಿಲ್ಲುತ್ತವೆ. ಆ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ. ಅಲ್ಲಿಂದಾಚೆಗೆ ಊರಿಗೆ ಊರೇ ಹಿತ್ತಲಲ್ಲಿ ಅಡುಗೆಗೆ ನಿಲ್ಲುತ್ತದೆ. ಹೊಸ ಗ್ರಿಲ್ ಬರುವ ಮನೆಯಿಂದ ಹಳೆಯದು ಹೊರಡಲೇಬೇಕಲ್ಲ. ನಾನು ಕಾರಿನ ವೇಗ ತಗ್ಗಿಸಿದೊಡನೆ ನನ್ನ ಹೆಂಡತಿ ಆಚೆ ಕಿಟಕಿಗೆ ಮುಖ ತಿರುಗಿಸುತ್ತಾಳೆ. "ರೀ, ಕನ್ನಡ ಕೂಟದವರು ಯಾರಾದ್ರೂ ನೋಡಿದ್ರೆ?" ನೋಡಲಿ. ಅವರೂ ಅದಕ್ಕೇ ಬಂದಿರುತ್ತಾರೆ.

ಪುಳಿಚಾರಿನ ಮನೆಗೆ ಗ್ರಿಲ್ ಯಾಕೆ ಅಂದರೆ, ಬದನೆಕಾಯಿಗೆ. ಇಲ್ಲಿಯ ಅಡುಗೆಮನೆಯಲ್ಲಿರುವುದು ಗಾಜಿನ ಮೈಯ ಕರೆಂಟ್ ಒಲೆ. ಅದರ ಮೇಲೆ ಬದನೆಕಾಯಿ ಬೇಯಬಹುದು, ಸುಡುವುದಿಲ್ಲ. ಹಟಕ್ಕೆ ಬಿದ್ದು ಸಿಪ್ಪೆ ಕರಿಕಾಗಿಸಲು ಹೊರಟರೆ ಸೂರಿನಲ್ಲಿರುವ ಹೊಗೆಯ ಅಲಾರಂ ಬೊಬ್ಬೆ ಹೊಡೆದು ಕೇರಿಯನ್ನೇ ಎಬ್ಬಿಸುತ್ತದೆ. ಸುಟ್ಟ ಬದನೆಕಾಯಿ ಗೊಜ್ಜಿಗೆ ಬೆಂಕಿಯೇ ಆಗಬೇಕು, ಅದೂ ಬಯಲಲ್ಲಿ. ಪಕ್ಕದಲ್ಲೊಂದು ಚಿಕ್ಕ ಬರ್ನರ್ ಇರುವ ಗ್ರಿಲ್ ಸಿಕ್ಕಿದರೆ ಇಂಗಿನ ಒಗ್ಗರಣೆಯೂ ಹೊರಗೇ ಆಗಿಹೋಗುತ್ತದೆ, ಕೋಟುಗಳು ವಾಸನೆಯಿಂದ ಬಚಾವು.

ಗ್ರಿಲ್ಲಿನ ಮಟ್ಟಿಗೆ ನಮ್ಮದು ಸ್ಥಳಪುರಾಣವಿರುವ ಊರು. ಸರೋವರದಲ್ಲಿ ದೋಣಿಗಳಿಗೆ ಗುರುತಾಗಿ ತೇಲಿಬಿಡುವ ಲೋಹದ ಬುರುಡೆಗಳನ್ನು ಮಾಡುತ್ತಿದ್ದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಇದ್ದದ್ದು ಶಿಕಾಗೊದಲ್ಲೇ. ಅಲ್ಲಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ ಅಂಥ ಬುರುಡೆಯ ಅರ್ಧಕ್ಕೆ ಕಾಲು ಕಟ್ಟಿ, ಇನ್ನರ್ಧವನ್ನು ಮುಚ್ಚಳ ಮಾಡಿ ಇದ್ದಿಲಿನ ಗ್ರಿಲ್ ಮಾಡಿದರು. ಅದೇ ಕಂಪನಿಯ ಜೆನೆಸಿಸ್ ಎಂಬ ಗ್ಯಾಸ್ ಗ್ರಿಲ್ 1985ರಲ್ಲಿ ಬಂತು. ನಾನು ಎತ್ತಿಕೊಂಡು ಬರುವುದು ಹೆಚ್ಚಾಗಿ ಆ ವಂಶದ್ದೇ. ಪೆಟ್ಟಿಗೆ ಎರಕದ ಅಲ್ಯುಮಿನಿಯಂ. ಎಷ್ಟು ಹಿಮ ಬಿದ್ದರೂ ತುಕ್ಕು ಹಿಡಿಯುವುದಿಲ್ಲ. ತುಕ್ಕೆಲ್ಲ ಕಾಲುಗಳಿಗೆ ಮತ್ತು ಬೋಲ್ಟುಗಳಿಗೆ. ಅಲ್ಯುಮಿನಿಯಂಗೂ ಉಕ್ಕಿಗೂ ಉಪ್ಪುನೀರು ಸೋಕಿದರೆ ಎರಡೂ ಕಚ್ಚಿಕೊಂಡುಬಿಡುತ್ತವೆ. ರಾತ್ರಿಯಿಡೀ ಎಣ್ಣೆ ಕುಡಿಸಿ, ಬೆಳಿಗ್ಗೆ ಬಿಸಿ ಮಾಡಿ ಪುಸಲಾಯಿಸಬೇಕು. ಬಲ ತೋರಿಸಿದಿರೋ, ತಲೆ ನಿಮ್ಮ ಕೈಯಲ್ಲಿ, ಮುಂಡ ಅಲ್ಲೇ.

ಮುಚ್ಚಳ ತೆಗೆದರೆ ಒಳಗೆ ಕಪ್ಪು ಹಪ್ಪಳಗಳು ಎದ್ದಿರುತ್ತವೆ. ಪೇಂಟ್ ಕಿತ್ತುಬಂದಿದೆ ಎಂದುಕೊಂಡು ಎಷ್ಟೋ ಜನ ಗ್ರಿಲ್ಲನ್ನೇ ಬಿಸಾಕುತ್ತಾರೆ. ಅದು ಪೇಂಟಲ್ಲ, ವರ್ಷಗಟ್ಟಲೆಯ ಜಿಡ್ಡಿನ ಹೊಗೆ ಕರಿದು ಇದ್ದಿಲಾದದ್ದು, ಕೆರೆದರೆ ಬಂತು. ಅಷ್ಟು ಕೆರೆಯುವ ತಾಳ್ಮೆಯಿಲ್ಲದ ದೇಶವಾದ್ದರಿಂದಲೇ ನನ್ನ ಗರಾಜು ತುಂಬಿದೆ. ಬರ್ನರಿನ ಕೊಳವೆಯಲ್ಲಿ ಜೇಡಗಳು ಬಲೆ ಕಟ್ಟಿರುತ್ತವೆ. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ: ದಾರಿ ಕಟ್ಟಿದ ಗ್ಯಾಸು ಹಿಂದಕ್ಕೆ ಬಂದು ತಿರುಪಿನ ಹತ್ತಿರವೇ ಹೊತ್ತಿಕೊಳ್ಳುತ್ತದೆ. ಉದ್ದನೆಯ ಬ್ರಷ್ ತೂರಿಸಿ ಜೇಡಪ್ಪನನ್ನು ಮರ್ಯಾದೆಯಿಂದ ಎಬ್ಬಿಸಿ ಕಳಿಸುತ್ತೇನೆ.

ಒಂದು ವರ್ಷ ಅಮ್ಮ ಬಂದಿದ್ದಳು. ಗ್ರಿಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರ ಮೇಲೆ ಏನೇನು ಸುಟ್ಟಿದಾರೋ ಏನೋ" ಎಂದಳು. ಕಂಬಿಗಳೆಲ್ಲ ಹೊಸವು, ಪೆಟ್ಟಿಗೆಯನ್ನು ಕೆಂಡದಂತೆ ಕಾಯಿಸಿದ್ದೇನೆ, ಎಂದೆ. ಯೋಚಿಸಿ ತೀರ್ಪು ಕೊಟ್ಟಳು: "ಬೆಂಕಿಗೆ ಮೈಲಿಗೆ ಇಲ್ಲ ಬಿಡು. ಆದ್ರೂ ಹುಣಸೇಹಣ್ಣು ಹಾಕಿ ಇನ್ನೊಂದ್ಸಲ ತಿಕ್ಕು."

ಬಣ್ಣ ಹಚ್ಚುವ ದಿನವೇ ಬೇರೆ. ಮುಚ್ಚಳದ ನಡುಭಾಗ ಪಿಂಗಾಣಿ ಲೇಪದ್ದು. ಅದನ್ನು ಒರೆಸಿ ಸುಮ್ಮನಿರಬೇಕು, ಮೂವತ್ತು ವರ್ಷದ ಕೆಂಪು ತಾನಾಗಿ ಎದ್ದು ಬರುತ್ತದೆ. ಬೂದಿ ಬಡಿದಂತಾಗಿರುವ ಎರಡು ಬದಿಗಳಿಗಷ್ಟೇ ಕಪ್ಪು ಸ್ಪ್ರೇ, 1,200 ಡಿಗ್ರಿ ಫ್ಯಾರನ್‌ಹೀಟ್ ತಡೆಯುವಂಥದ್ದು. ತೆಳ್ಳಗೆ ಒಂದು ಕೈ, ಆರಲು ಬಿಟ್ಟು ಮತ್ತೊಂದು ಕೈ. ಒಳಮೈಗೆ ಬೇಡವೇ ಬೇಡ, ಊಟದ ಪದಾರ್ಥ. ಕೊನೆಗೆ ಗ್ಯಾಸ್ ಬಿಟ್ಟು ಜೋಡಣೆಗಳಿಗೆಲ್ಲ ಸೋಪಿನ ನೀರು ಸವರುತ್ತೇನೆ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಬೋಗುಣಿಯಲ್ಲಿ ಮುಳುಗಿಸಿ ನೋಡುವ ಹಾಗೆ, ಗುಳ್ಳೆ ಏಳುತ್ತದೋ ಎಂದು ಕುಕ್ಕರುಗಾಲಲ್ಲಿ ಕೂತು ನೋಡುತ್ತೇನೆ.

ಊರಲ್ಲಿದ್ದಾಗ ನಾನು ಒಂದು ಸ್ಕ್ರೂ ತಿರುಗಿಸಿದವನಲ್ಲ. ಹುಡುಗ ಓದ್ಕೊಳ್ಲಿ ಅನ್ನುತ್ತಿದ್ದರು. ಸೈಕಲ್ಲಿನಲ್ಲಿ "ಗ್ಯಾಸ್ ಸ್ಟವ್ ರಿಪೇರಿ, ಕುಕ್ಕರ್ ರಿಪೇರೀ" ಎಂದು ಕೂಗುತ್ತ ಬರುತ್ತಿದ್ದಾತ ನಮ್ಮ ಜಗಲಿಯ ಮೇಲೆ ಹಳೇ ಪೇಪರು ಹಾಸಿ, ಹಿತ್ತಾಳೆ ಬರ್ನರ್ ಬಿಚ್ಚಿ, ಒಂದೊಂದೇ ತೂತಿಗೆ ಪಿನ್ನು ಚುಚ್ಚುತ್ತಿದ್ದ. ಪುಸ್ತಕ ಮಡಿಲಲ್ಲಿಟ್ಟುಕೊಂಡು ನಾನು ಓದುತ್ತಿದ್ದದ್ದು ಅವನ ಬೆರಳುಗಳನ್ನು. ಈಗ ದಿನವಿಡೀ ಕಂಪ್ಯೂಟರಿನಲ್ಲಿ ಕಾಣದ ದೋಷಗಳನ್ನು ಹುಡುಕಿ ಸುಸ್ತಾದವನಿಗೆ, ಕಣ್ಣಿಗೆ ಕಾಣುವ ತೂತಿಗೆ ಕಣ್ಣಿಗೆ ಕಾಣುವ ಪಿನ್ನು ಹಾಕುವ ಸುಖವನ್ನು ಹೆಂಡತಿಗೆ ಹೇಗೆ ವಿವರಿಸುವುದು? ಬಿಡಿಭಾಗಗಳ ಬಿಲ್ಲು ಕೂಡಿಸಿ ನೋಡಿ, "ಇಷ್ಟಕ್ಕೆ ಹೊಸದೇ ಬರ್ತಿತ್ತಲ್ರೀ" ಎನ್ನುತ್ತಾಳೆ. ಬರುತ್ತಿತ್ತು.

ಮೊನ್ನೆ ಸಂಜೆ ಗ್ರಿಲ್ಲಿನ ಮುಂದೆ ನಿಂತೇ ಅಮ್ಮನಿಗೆ ವಿಡಿಯೊ ಕಾಲ್ ಮಾಡಿದೆ. ಮೈಸೂರಿನಲ್ಲಿ ಬೆಳಗಿನ ಕಾಫಿ ಹೊತ್ತು. ರಿಪೇರಿಯವನು ಈಗಲೂ ಬರ್ತಾನಾ ಎಂದು ಕೇಳಿದೆ.

"ಬರ್ತಾನೆ, ಕೂಗಲ್ಲ. ರೆಕಾರ್ಡ್ ಹಾಕ್ಕೊಂಡು ಹೋಗ್ತಾನೆ. ನಮ್ಗೇನು, ಹಳೇ ಸ್ಟವ್ ಎಕ್ಸ್‌ಚೇಂಜಿಗೆ ಕೊಟ್ಟು ಗಾಜಿನದು ತಗೊಂಡ್ವಿ."

"ಅದರ ಬರ್ನರ್ ಹಿತ್ತಾಳೇದಲ್ವೇನಮ್ಮಾ! ನಾನು ಬಂದಾಗ ಮಾಡಿಕೊಡ್ತಿದ್ನಲ್ಲ."

"ನೀನು ಬರೋ ಹೊತ್ತಿಗೆ ಅಂತ ಕಾಫಿ ಕುಡಿಯದೆ ಕೂತಿರೋಕಾಗುತ್ತೇನೋ? ಮೊದ್ಲು ಆ ಬದನೇಕಾಯಿ ತಿರುಗಿಸು, ಒಂದು ಕಡೆ ಕರಕಲಾಗ್ತಿದೆ."