ಮೀನಿಗೊಂದು ನೀರಿನ ಗುಮ್ಮಟ

ತೊಟ್ಟಿಯ ಮೀನು ನೋಡುವವರಿಗೆ ಸಾಮಾನ್ಯವಾಗಿ ಕಾಣುವುದು ಅದರ ಬೆನ್ನು ಮಾತ್ರ. ಬಗ್ಗಿ ನೋಡಿದರೆ ಕಪ್ಪನೆಯದೊಂದು ಗೆರೆ ಸರಿದುಹೋಗುತ್ತದೆ. ಉಳಿದದ್ದೆಲ್ಲ ಆಕಾಶದ ಬಿಂಬ ಮತ್ತು ತೆಂಗಿನ ಗರಿಯ ನೆರಳು. ರೋಹುವಿನ ಪಕ್ಕೆಯ ಹುರುಪೆಗಳ ಕೆಂಪು ಛಾಯೆ, ಕಾಟ್ಲಾದ ದೊಡ್ಡ ತಲೆ, ಮೇಲಕ್ಕೆ ತಿರುಗಿದ ಬಾಯಿ, ಗೆಂಡೆಯ ಪುಟ್ಟ ಮೀಸೆ ಇವೆಲ್ಲ ಪಕ್ಕದಿಂದ ನೋಡಿದವರಿಗಷ್ಟೇ ದಕ್ಕುವ ಚೆಲುವು.

ಆ ಪಕ್ಕದ ನೋಟಕ್ಕಾಗಿ ಹಿತ್ತಲ ಕೊಳದ ಹವ್ಯಾಸಿಗಳು ಕಂಡುಕೊಂಡ ಉಪಾಯ ಬಲು ಸೊಗಸಾದದ್ದು. ಪಾರದರ್ಶಕ ಗುಮ್ಮಟವೊಂದನ್ನು ಕೊಳದ ಮೇಲೆ ಬೋರಲು ನಿಲ್ಲಿಸುತ್ತಾರೆ. ಅದರ ಬಾಯಿ ನೀರಿನೊಳಗೆ, ಉಳಿದ ಮೈಯೆಲ್ಲ ಹೊರಗೆ. ಒಳಗಿನ ಗಾಳಿಯನ್ನು ಹೀರಿ ತೆಗೆದರೆ ಕೊಳದ ನೀರು ತಾನಾಗಿ ಮೇಲೇರಿ ಗುಮ್ಮಟ ತುಂಬಿಕೊಳ್ಳುತ್ತದೆ, ಹಿಂದೆಯೇ ಮೀನೂ ಬರುತ್ತದೆ. ಬಚ್ಚಲಲ್ಲಿ ಚೊಂಬನ್ನು ಮುಳುಗಿಸಿ ಬೋರಲಾಗಿ ಎತ್ತಿ ಆಡಿದ ಮಕ್ಕಳಿಗೆಲ್ಲ ಗೊತ್ತಿರುವ ಸಂಗತಿಯೇ ಇದು. ಚೊಂಬಿನ ಬಾಯಿ ನೀರು ಬಿಟ್ಟು ಮೇಲೆ ಬರುವವರೆಗೂ ಒಳಗಿನ ನೀರು ಬೀಳುವುದಿಲ್ಲ. ಇಟಲಿಯ ಟೊರಿಚೆಲ್ಲಿ 1643ರ ಸುಮಾರಿಗೆ ಪಾದರಸದ ಕೊಳವೆಯಲ್ಲಿ ತೋರಿಸಿದ್ದೂ ಇದನ್ನೇ: ಹೊರಗಿನ ಗಾಳಿಯ ಒತ್ತಡ ಒಳಗಿನ ದ್ರವವನ್ನು ಎತ್ತಿ ಹಿಡಿಯುತ್ತದೆ. ಸಮುದ್ರಮಟ್ಟದಲ್ಲಿ ಅದು ಸುಮಾರು 10.3 ಮೀಟರ್ ನೀರನ್ನು ಹೊರಬಲ್ಲದು. ತುರುವೇಕೆರೆ ಸೀಮೆಯ ಎತ್ತರದಲ್ಲಿ ಒಂದು ಮೀಟರಿನಷ್ಟು ಕಡಿಮೆ ಇರಬಹುದು. ಗುಮ್ಮಟಕ್ಕೆ ಬೇಕಾದದ್ದು ಅರ್ಧ ಮೀಟರೂ ಇಲ್ಲ.

ಮೀನಿನ ಒಡನಾಟ ಕನ್ನಡನಾಡಿಗೆ ಹೊಸದೇನಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಪುರಿ ಎಸೆಯದೆ ಬಂದವರು ಕಡಿಮೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷವಿಕ್ಕಿದಾಗ, ಸತ್ತ ಮೀನುಗಳ ನೆನಪಿಗೆ ಜನ ಸ್ಮಾರಕವನ್ನೇ ನಿಲ್ಲಿಸಿದರು. ಇಷ್ಟು ಅಕ್ಕರೆಯ ನಾಡಿನಲ್ಲಿ ಮೀನಿನ ಮುಖ ನೋಡಬೇಕೆಂದರೆ ಗಾಜಿನ ಪೆಟ್ಟಿಗೆಯೇ ಗತಿಯಾಗಬೇಕಿಲ್ಲ. ಗುಮ್ಮಟದ ಬಾಗಿಲು ಸದಾ ತೆರೆದೇ ಇರುತ್ತದೆ. ಮೀನು ಮನಸ್ಸಾದರೆ ಬರುತ್ತದೆ, ಸಾಕೆನಿಸಿದರೆ ಕೆಳಗಿಳಿದು ಹೋಗುತ್ತದೆ. ಈ ಹವ್ಯಾಸದ ಹಿರಿಮೆ ಇರುವುದೇ ಅಲ್ಲಿ.

ಅದೇ ತುರುವೇಕೆರೆ ಸೀಮೆಯ ಮಾಯಸಂದ್ರದ ತೆಂಗಿನ ತೋಟದ ಮನೆಯ ಹಿತ್ತಲಲ್ಲಿ ಇದನ್ನು ಕಟ್ಟುವವರು ಮೊದಲು ತಲೆಯೆತ್ತಿ ನೋಡಬೇಕು. ಮೇಲಿಂದ ಬೀಳುವ ಕಾಯಿಗೆ, ಒಣಸೋಗೆಗೆ ಅಕ್ರಿಲಿಕ್ ಗುಮ್ಮಟ ತಡೆಯುವುದಿಲ್ಲ. ಮರಗಳ ನಡುವೆ ಮೂವತ್ತು ಅಡಿ ಅಂತರವಿರುವ ತೋಟದಲ್ಲಿ ನಾಲ್ಕು ಮರಗಳ ನಟ್ಟನಡುವಿನ ಜಾಗ ಪ್ರತಿ ಬುಡದಿಂದಲೂ ಇಪ್ಪತ್ತೊಂದು ಅಡಿ ದೂರವಾಗುತ್ತದೆ. ಕೊಳಕ್ಕೆ ಅದೇ ಜಾಗ. ತೋಟಕ್ಕೆ ನೀರು ಬಿಡುವ ತೊಟ್ಟಿಯಂತೂ ಬೇಡ. ತ್ರೀಫೇಸ್ ಕರೆಂಟ್ ಬಂದಾಗ ತುಂಬಿ, ಮರಗಳಿಗೆ ನೀರು ಹರಿಸಿದಾಗ ಇಳಿಯುವ ತೊಟ್ಟಿ ಅದು. ಗುಮ್ಮಟದ ಅಂಚು ಒಮ್ಮೆ ನೀರಿನಿಂದ ಹೊರಬಂದರೆ ಗಾಳಿ ನುಗ್ಗಿ ಅಷ್ಟೂ ನೀರು ಒಮ್ಮೆಗೇ ಕೆಳಗಿಳಿಯುತ್ತದೆ.

ತೂಕದ ಲೆಕ್ಕವನ್ನು ಹಗುರವಾಗಿ ಕಾಣಬಾರದು. 40 ಸೆಂಟಿಮೀಟರ್ ಅಗಲ, ನೀರಿನಿಂದ ಮೇಲಕ್ಕೆ 40 ಸೆಂಟಿಮೀಟರ್ ಎತ್ತರ, ಮೇಲರ್ಧ ಗೋಳಾಕಾರ ಎಂದಿಟ್ಟುಕೊಂಡರೆ ಒಳಗೆ ನಿಲ್ಲುವ ನೀರು ಸುಮಾರು 42 ಲೀಟರ್. ಆ 42 ಕಿಲೋ ಭಾರವೆಲ್ಲ ಗುಮ್ಮಟವನ್ನು ಹೊತ್ತು ನಿಲ್ಲುವ ಸ್ಟ್ಯಾಂಡಿನ ಮೇಲೆಯೇ. ಚೌಕದ ಪೆಟ್ಟಿಗೆಗಿಂತ ಗುಮ್ಮಟವೇ ಲೇಸು. ಹೊರಗಿನ ಗಾಳಿ ಒಳಮುಖವಾಗಿ ಒತ್ತುವಾಗ ಚಪ್ಪಟೆ ಹಾಳೆ ಬಾಗುತ್ತದೆ, ಕಮಾನು ಆ ಒತ್ತಡವನ್ನು ಅಂಚಿಗೆ ದಾಟಿಸುತ್ತದೆ.

ಇನ್ನು ನೀರೇರಿಸುವ ಗಳಿಗೆ. ಡ್ರಿಪ್ಪಿನ ಸಣ್ಣ ಪೈಪಿನ ಒಂದು ತುದಿಯನ್ನು ಅಂಚಿನ ಕೆಳಗಿಂದ ತೂರಿಸಿ ಗುಮ್ಮಟದ ನೆತ್ತಿಗೆ ಮುಟ್ಟಿಸಿ, ಇನ್ನೊಂದು ತುದಿಯಿಂದ ಗಾಳಿ ಹೀರಬೇಕು. ನೀರು ಬೆರಳಬೆರಳಷ್ಟೇ ಏರುತ್ತದೆ. ಅದರ ಅಂಚು ಗೋಡೆಗುಂಟ ನಡುಗುತ್ತಾ ಮೇಲೆ ಹೋಗಿ, ನೆತ್ತಿಯಲ್ಲಿ ಒಂದು ಗುಳ್ಳೆಯಾಗಿ ಕುಗ್ಗಿ, ಅದೂ ಪೈಪಿನೊಳಗೆ ಸೇರಿಹೋಗುತ್ತದೆ. ಪೈಪನ್ನು ಮಡಿಚಿ ಕಟ್ಟಿದರೆ ಕೆಲಸ ಮುಗಿಯಿತು. ನೀರಿನಲ್ಲಿ ಕರಗಿದ ಗಾಳಿ ಬಿಸಿಲಿಗೆ ಬಿಟ್ಟುಕೊಂಡು ನೆತ್ತಿಯಲ್ಲಿ ಮತ್ತೆ ಗುಳ್ಳೆ ಕಟ್ಟುತ್ತದೆ. ಆಗಾಗ ಹೀರಿ ತೆಗೆಯುತ್ತಿರಬೇಕು.

ಮೀನನ್ನು ಕರೆಯಲು ಅಂಚಿನ ಕೆಳಗೆ ನಾಲ್ಕು ಕಾಳು ಪುರಿ ಬಿಟ್ಟರೆ ಸಾಕು. ಪುರಿ ತೇಲಿ ಗುಮ್ಮಟದ ನೆತ್ತಿಗೇ ಹೋಗುತ್ತದೆ. ಕಾಟ್ಲಾ ಮೇಲ್ನೀರಿನ ಮೇವಿನದು, ರೋಹು ನಡುನೀರಿನದು, ಮೃಗಾಲ್ ತಳದ್ದು. ಆದ್ದರಿಂದ ಕಾಟ್ಲಾ ಮರಿಗಳೇ ಮೊದಲ ನೆಂಟರಾಗುವ ಸಂಭವ ಹೆಚ್ಚು. ಜಪಾನಿನ ನೀಗಾಟದ ರೈತರು ಗೆಂಡೆಯಿಂದ ಬಣ್ಣದ ಕೋಯಿ ತಳಿ ಬೆಳೆಸಿದ್ದು ಮೇಲಿಂದ ನೋಡಿ ಮೆಚ್ಚುವುದಕ್ಕೆ. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹುಗಳಿಗೆ ಪಕ್ಕದ ನೋಟವೇ ಒಪ್ಪುತ್ತದೆ. ಕೊರವ ಮೀನನ್ನು ಮಾತ್ರ ಈ ಕೊಳಕ್ಕೆ ಬಿಡದಿರುವುದೇ ಒಳ್ಳೆಯದು. ಅದು ನೀರಿನ ಮೇಲಕ್ಕೆ ಬಂದು ಗಾಳಿ ಗುಟುಕರಿಸಿ ಬದುಕುವ ಮೀನು. ಗುಮ್ಮಟದ ನೆತ್ತಿಯಲ್ಲಿ ಗಾಳಿಯೇ ಇರುವುದಿಲ್ಲ.

ತೆಂಗಿನ ಸೀಮೆಯವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಸಂಗತಿ ಒಂದಿದೆ. ನೀರು ತುಂಬಿದ ಗುಮ್ಮಟ ಬಿಸಿಲನ್ನು ಒಂದೆಡೆ ಕೂಡಿಸುವ ಮಸೂರವೂ ಹೌದು. ಬಿಸಿಲಿನ ಅವಧಿ ಅಳೆಯಲು ಹವಾಮಾನ ಕೇಂದ್ರಗಳಲ್ಲಿ ಇಡುತ್ತಿದ್ದ ಕ್ಯಾಂಬೆಲ್–ಸ್ಟೋಕ್ಸ್ ಉಪಕರಣದಲ್ಲಿ ಗಾಜಿನ ಗೋಳ ರಟ್ಟಿನ ಪಟ್ಟಿಯನ್ನು ಸುಟ್ಟು ಗೆರೆ ಎಳೆಯುವುದು ಇದೇ ಗುಣದಿಂದ. ಕೊಳದ ದಡದಲ್ಲಿ ಒಣಮಟ್ಟೆ, ಸೋಗೆ, ನಾರು ರಾಶಿ ಹಾಕಲೇಬಾರದು.

ಆ ನಾರಿನಿಂದ ಗುಮ್ಮಟ ಉಜ್ಜುವುದೂ ಬೇಡ. ಪಾತ್ರೆ ತೊಳೆಯಲು ನಾರಿಗೇ ಕೈಹೋಗುವ ಊರಿನಲ್ಲಿ ಇದನ್ನು ಮನೆಯವರಿಗೆಲ್ಲ ಹೇಳಿಡಬೇಕು, ಅಕ್ರಿಲಿಕ್ಕಿಗೆ ಬೇಗ ಗೀರು ಬೀಳುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಸಿಡಿದು ಒಣಗಿ ಬಿಳಿ ಕಲೆ ಕಟ್ಟುವ ಮುನ್ನವೇ ಹಳೆಯ ಪಂಚೆಯ ತುಂಡಿನಿಂದ ಒರೆಸಬೇಕು. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಗುಮ್ಮಟದೊಳಗಿನ ಬಿಸಿನೀರು ಕೆಳಗಿಳಿಯದೆ ಅಲ್ಲೇ ನಿಲ್ಲುತ್ತದೆ, ಮೀನು ಅತ್ತ ಸುಳಿಯುವುದಿಲ್ಲ. ಆಗ ಪೈಪಿನ ಕಟ್ಟು ಬಿಚ್ಚಿ ನೀರಿಳಿಸಿ, ಗುಮ್ಮಟವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಮುಂಗಾರಿನವರೆಗೆ ಅಟ್ಟದಲ್ಲಿ ಕಾಯಿರಾಶಿಯಿಂದ ದೂರದ ಮೂಲೆಯಲ್ಲಿ ಇಡುವುದು ಲೇಸು.